ಕ್ಯಾಮೆರಾಕ್ಕೆ 80 ಸಾವಿರ, ಅರ್ತಿಂಗ್‌ಗೆ ಸೊನ್ನೆ

ಸಂಪಾದಕರಿಗೆ ನಮಸ್ಕಾರ.

ಕಾಫಿಗೆ ಮೆಣಸಿಗೆ ರೇಟ್ ಬಂದಾಗಿಂದ ನಮ್ಮ ಕಡೆ ಕಣದಲ್ಲಿದ್ದ ಮೂಟೆ ರಾತ್ರೋರಾತ್ರಿ ಮಾಯ ಆಗೋ ಸುದ್ದಿ ನಿಮ್ಮ ಪೇಪರಲ್ಲಿ ಆಗಾಗ ಬರ್ತಾನೇ ಇದೆ. ಅಂಥ ಸುದ್ದಿ ಕೊನೇಲಿ ಒಂದು ಸಾಲು, ಬೆಳೆಗಾರರು ಕ್ಯಾಮೆರಾ ಹಾಕಿಸ್ಕೊಳ್ಳಬೇಕು ಅಂತ ಪೊಲೀಸರು ತಿಳಿಸಿದ್ದಾರೆ ಅಂತ. ಸರಿ ಸ್ವಾಮಿ, ಹಾಕಿಸ್ಕೊಳ್ತೀವಿ, ಹಾಕಿಸ್ಕೊಂಡೂ ಇದೀವಿ, ಆದ್ರೆ ಹೊರಗಡೆ ಮಳೆಯಲ್ಲಿ ಸಿಡಿಲಲ್ಲಿ ನಿಲ್ಲೋ ವಸ್ತುಗೆ ಕರೆಂಟ್ ಹೆಂಗೆ ಕೊಡ್ಬೇಕು ಅನ್ನೋದನ್ನ ಯಾರೂ ಬರೆಯಲ್ಲ. ನನಗಾದದ್ದನ್ನ ಬರೀತಾ ಇದೀನಿ, ಉದ್ದ ಆದ್ರೆ ಕತ್ತರಿಸ್ಕೊಳ್ಳಿ, ಆದ್ರೆ ಅರ್ತಿಂಗ್, ಅಂದ್ರೆ ಸೋರೋ ಕರೆಂಟನ್ನ ನೆಲಕ್ಕೆ ಇಳಿಸೋ ವ್ಯವಸ್ಥೆ, ಆ ವಿಷಯ ಮಾತ್ರ ಬಿಡ್ಬೇಡಿ.

ನಂದು ಸಕಲೇಶಪುರ ತಾಲ್ಲೂಕಲ್ಲಿ 11 ಎಕರೆ ತೋಟ. ಮನೆ ಮೇಲೆ, ಕಣ ಮತ್ತೆ ಗೋಡೌನ್ ಕೆಳಗೆ, ಮಧ್ಯ 180 ಮೀಟರ್ ಇಳಿಜಾರು. ಮೊದಲು ಎಲ್ಲರ ಹಂಗೆ ಮಾಮೂಲಿ ನೈಟ್ ವಿಷನ್ ಕ್ಯಾಮೆರಾ ಹಾಕಿಸಿದ್ದೆ. ಅದರ ಸುತ್ತ ಇರೋ ಕೆಂಪು ದೀಪಕ್ಕೆ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ, ಜೇಡ ಲೆನ್ಸ್ ಮುಂದೇನೇ ಬಲೆ ಹೆಣೆಯುತ್ತೆ, ರಾತ್ರಿ ಎರಡು ಗಂಟೆಗೆ ಆ ಬಲೆ ಗಾಳಿಗೆ ಅಲ್ಲಾಡಿದ್ರೆ ಫೋನ್ ಕುಯ್ಯೋ ಅನ್ನುತ್ತೆ. ಎದ್ದು ನೋಡಿದ್ರೆ ಬೆಳ್ಳಗೆ ಹೊಳೆಯೋ ಒಂದು ದಾರ. ಮಂಜು ಬಿದ್ದ ದಿನ ಅದೂ ಇಲ್ಲ, ಬರೀ ಬಿಳಿ ಗೋಡೆ. ಹೆಂಡ್ತಿ ಹೇಳಿದ್ಲು, ಕಳ್ಳ ಬಂದ್ರೂ ನೀವು ಜೇಡ ಅನ್ಕೊಂಡು ಮಲಗ್ತೀರ ಅಂತ. ಹಂಗೇ ಆಗ್ತಿತ್ತೇನೋ, ಅದಕ್ಕೆ ಮೊದಲೇ ಥರ್ಮಲ್ ತಗೊಂಡೆ. ಆನೆ ಕಾಟಾನೂ ಇದೆಯಲ್ಲ, ಎರಡಕ್ಕೂ ಆಗುತ್ತೆ ಅಂತ.

ಥರ್ಮಲ್ ಕ್ಯಾಮೆರಾ ಬೆಳಕು ನೋಡಲ್ಲ, ಬಿಸಿ ನೋಡುತ್ತೆ. ಮೈಯಿಂದ ಹೊರಡೋ 8ರಿಂದ 14 ಮೈಕ್ರಾನ್ ಅಲೆ ಅದಕ್ಕೆ ಬೇಕು, ಆ ಅಲೆ ಮಾಮೂಲಿ ಗಾಜಲ್ಲಿ ತೂರಲ್ಲ, ಹಂಗಾಗಿ ಅದರ ಲೆನ್ಸನ್ನ ಜರ್ಮೇನಿಯಂ ಅನ್ನೋ ದುಬಾರಿ ವಸ್ತುವಲ್ಲಿ ಮಾಡಿರ್ತಾರೆ. ಪಕ್ಕದ ತೋಟದ ಮಾವ ನನ್ನದು ನೋಡಿ ಅವರೂ ಒಂದು ತಂದ್ರು, ಮಳೆಗೆ ಹಾಳಾಗೋದು ಬೇಡ ಅಂತ ಕಿಟಕಿ ಒಳಗೆ ಗಾಜಿನ ಹಿಂದೆ ಇಟ್ರು, ಸ್ಕ್ರೀನಲ್ಲಿ ನೋಡಿದ್ರೆ ಅಂಗಳ ಇಲ್ಲ, ಪಂಚೆ ಉಟ್ಕೊಂಡು ನಿಂತಿರೋ ಮಾವನೇ ಗಾಜಲ್ಲಿ ಮಸುಕು ಮಸುಕಾಗಿ ಕಾಣ್ತಾ ಇದ್ರು. ಗೋಡೆ ಆಚೆ ಇರೋದೂ ಕಾಣುತ್ತೆ ಅಂತ ಅಂಗಡಿಲಿ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಇನ್ನೊಂದು, ಸೂರ್ಯ ಹುಟ್ಟೋ ಕಡೆಗೋ ಮುಳುಗೋ ಕಡೆಗೋ ನೇರ ತಿರುಗಿಸಿದ್ರೆ ಒಳಗಿನ ಸೆನ್ಸರ್‌ಗೆ ಪೆಟ್ಟು ಬೀಳಬಹುದು, ಹಂಗಾಗಿ ಕಂಬ ಎಲ್ಲಿ ನೆಡ್ಬೇಕು ಅನ್ನೋದನ್ನ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ನಿಂತು ನೋಡಿ ಆಮೇಲೆ ಗುಂಡಿ ತೆಗೀರಿ.

ಸಂಜೆ ಏಳು ಗಂಟೆಗೆ ನಮ್ಮ ಕಣದಲ್ಲಿ ಮನುಷ್ಯ ಸರಿಯಾಗಿ ಕಾಣಲ್ಲ. ಹಗಲೆಲ್ಲ ಕಾದ ಸಿಮೆಂಟು ಇನ್ನೂ ಮೈಯಷ್ಟೇ ಬಿಸಿ ಇರುತ್ತೆ, ಬಿಸಿ ಮೇಲೆ ಬಿಸಿ ಕರಗಿ ಹೋಗುತ್ತೆ. ಒಂಬತ್ತರ ಮೇಲೆ ನೆಲ ತಣ್ಣಗಾದಾಗ ನಾಯಿ ಓಡಿದ್ರೂ ದೀಪ ಹಚ್ಚಿಟ್ಟ ಹಂಗೆ ಕಾಣುತ್ತೆ. ಮುಖ ಮಾತ್ರ ಯಾವತ್ತೂ ಗೊತ್ತಾಗಲ್ಲ. ನನ್ನದರ ಚಿತ್ರ ಅಡ್ಡಕ್ಕೆ 256, ಎತ್ತರಕ್ಕೆ 192 ಚುಕ್ಕೀದು, ನೋಟದ ಅಗಲ 50 ಡಿಗ್ರಿ. 100 ಮೀಟರ್ ದೂರದಲ್ಲಿ ಅದು ಹತ್ರ ಹತ್ರ 93 ಮೀಟರ್ ಅಗಲ ನೋಡುತ್ತೆ, ಅಂದ್ರೆ ಒಂದು ಚುಕ್ಕಿಗೆ 36 ಸೆಂಟಿಮೀಟರ್, ಮನುಷ್ಯ ಅಂದ್ರೆ ಐದು ಚುಕ್ಕಿ ಎತ್ತರ ಅಷ್ಟೇ. ಯಾರೋ ಬಂದಿದಾರೆ ಅಂತ ಹೇಳುತ್ತೆ, ಯಾರು ಅಂತ ಹೇಳಲ್ಲ. ಆನೆಗೆ ಅಷ್ಟು ಸಾಕು. ಕೊಯಮತ್ತೂರು ಹತ್ರ ಮದುಕ್ಕರೈಲಿ ರೈಲಿಗೆ ಸಿಕ್ಕಿ ಆನೆ ಸಾಯೋದನ್ನ ತಪ್ಪಿಸೋಕೆ ಅಲ್ಲಿನ ಅರಣ್ಯ ಇಲಾಖೆಯೋರು 2024ರಲ್ಲಿ ಹಳಿ ಪಕ್ಕ 12 ಟವರ್ ಮೇಲೆ ಥರ್ಮಲ್ಲೂ ಮಾಮೂಲಿದೂ ಎರಡೂ ಕ್ಯಾಮೆರಾ ಕೂರಿಸಿದ್ರು. ಹಂಗಾಗಿ ಈ ಕ್ಯಾಮೆರಾ ದೊಡ್ಡೋರ ಶೋಕಿ ಅಂತ ನಗಬೇಕಿಲ್ಲ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಕ್ಯಾಮೆರಾ ಕೊಟ್ಟ ಅಂಗಡಿಯಿಂದಾನೇ ಒಬ್ಬ ಹುಡುಗ ಬಂದು ಹಾಕಿಕೊಟ್ಟ. ಅಂಗಡಿ ಹೆಸರು ಬೇಡ, ಹುಡುಗ ಒಳ್ಳೆಯವನೇ, ಮಧ್ಯಾಹ್ನದೊಳಗೆ ಮುಗಿಸಿ ಊಟ ಮಾಡಿ ಹೋದ. ಅವನು ಮಾಡಿದ್ದೇನಪ್ಪ ಅಂದ್ರೆ ಗೋಡೌನ್ ಬಲ್ಬಿನ ಹೋಲ್ಡರಿಂದ ಎರಡೆಳೆ ವೈರ್ ಎಳೆದು ಕಬ್ಬಿಣದ ಕಂಬಕ್ಕೆ ಕ್ಲ್ಯಾಂಪ್ ಹೊಡೆದು, ಅಡಾಪ್ಟರನ್ನ ಒಂದು ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಅದರೊಳಗೆ ನೇತಾಕಿದ್ದ. ಮನೆ ತನಕ ನೆಟ್‌ವರ್ಕ್ ಕೇಬಲ್ಲು 180 ಮೀಟರ್, ಆ ಕೇಬಲ್ 100 ಮೀಟರಿಗಿಂತ ಜಾಸ್ತಿ ಎಳೆಯಂಗಿಲ್ಲ ಅಂತ ಅವನಿಗೂ ಗೊತ್ತು, ಅದಕ್ಕೆ ಮಧ್ಯ ಒಂದು ಸಿಲ್ವರ್ ಓಕ್ ಮರಕ್ಕೆ ಎಕ್ಸ್‌ಟೆಂಡರ್, ಅಂದ್ರೆ ಸಿಗ್ನಲ್ಲನ್ನ ಮುಂದಕ್ಕೆ ದಾಟಿಸೋ ಡಬ್ಬಿ, ಕಟ್ಟಿದ್ದ. ನೋಡೋಕೆ ಎಲ್ಲ ಚೆನ್ನಾಗೇ ಇತ್ತು, ಚಿತ್ರ ಬಂತು, ದುಡ್ಡು ಕೊಟ್ಟೆ.

ಎರಡು ತಿಂಗಳಿಗೆ ಒಂದಿನ ಬೆಳಿಗ್ಗೆ ಕಣ ಗುಡಿಸ್ತಿದ್ದ ಹೆಂಗಸು ಓಡಿ ಬಂದ್ಲು, ಅಯ್ಯ ಕಂಬ ಜುಂ ಅನ್ನುತ್ತೆ, ಮುಟ್ಟಕ್ಕಾಗಲ್ಲ ಅಂತ. ರಾತ್ರಿ ಸಣ್ಣ ಮಳೆ ಆಗಿತ್ತು. ಟೆಸ್ಟರ್ ತಗೊಂಡು ಹೋಗಿ ಕಂಬಕ್ಕೆ ತಾಗಿಸಿದ್ರೆ ಉರೀತು. ಆ ಸಣ್ಣ ಕೆಂಪು ದೀಪ ನೋಡಿ ನನ್ನ ಕಾಲಲ್ಲಿ ಬಲ ಇರ್ಲಿಲ್ಲ. ಪುಣ್ಯಕ್ಕೆ ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಕ್ಲ್ಯಾಂಪಿನ ಅಂಚು ವೈರಿನ ಮೇಲ್ಸಿಪ್ಪೆ ಕೊರೆದು ಫೇಸ್ ಕಂಬಕ್ಕೆ ತಾಗಿತ್ತು, ಕಂಬಕ್ಕೆ ಅರ್ತ್ ಇಲ್ಲ, ಬೋರ್ಡಲ್ಲಿ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್ಚು) ಇಲ್ಲ, ಇನ್ನು ಕರೆಂಟ್ ಕಟ್ ಆಗೋದಾದ್ರೂ ಹೆಂಗೆ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದ್ದಿದ್ರೆ ಅಷ್ಟು ಕರೆಂಟ್ ನೆಲಕ್ಕೆ ಸೋರಿದ ಕ್ಷಣಾನೇ ಬಿದ್ದು ಹೋಗ್ತಿತ್ತು. ಎಂಸಿಬಿ ಇದೆಯಲ್ಲ ಅಂತಾರೆ ಜನ, ಎಂಸಿಬಿ ಇರೋದು ವೈರ್ ಸುಡದೇ ಇರ್ಲಿ ಅಂತ, ಮನುಷ್ಯನ ಜೀವಕ್ಕಲ್ಲ.

ಮೇನ್ ಆಫ್ ಮಾಡಿ ಕಂಬದ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಮುಚ್ಚಳ ತೆಗೆದ ತಕ್ಷಣ ಅರ್ಧ ಲೋಟ ನೀರು ಸುರೀತು. ಒಳಗೆ ಇರುವೆ ಗೂಡು, ಬೆಳ್ಳಗೆ ಮೊಟ್ಟೆ, ಕನೆಕ್ಟರಿಗೆ ಅಡ್ಡ ಒಂದು ಒಣಗಿದ ಹಲ್ಲಿ, ಪಿನ್ನು ಹಸಿರು ಪಾಚಿ ಕಟ್ಟಿದ ಹಂಗೆ. ಬಾಕ್ಸ್ ಮೇಲೆ ಐಪಿ 66, ಅಂದ್ರೆ ಧೂಳು ನೀರು ಒಳಗೆ ಹೋಗಲ್ಲ ಅಂತ ಬರೆದಿತ್ತು, ಸುಳ್ಳೇನಲ್ಲ, ಆದ್ರೆ ವೈರ್ ತೂರಿಸೋ ತೂತನ್ನ ಆ ಹುಡುಗ ಮೇಲ್ಗಡೆ ಕೊರೆದಿದ್ದ, ವೈರ್ ಸುತ್ತ ತೂತನ್ನ ಬಿಗಿಯಾಗಿ ಮುಚ್ಚೋ ಗ್ಲಾಂಡೂ ಹಾಕಿರ್ಲಿಲ್ಲ. ತೂತು ಯಾವಾಗಲೂ ಬಾಕ್ಸಿನ ಕೆಳಗಡೆಯಿಂದ, ಗ್ಲಾಂಡ್ ಬಿಗಿಯಾಗಿ, ಅದಕ್ಕೆ ಮೊದಲು ವೈರನ್ನ ಬಾಕ್ಸಿಗಿಂತ ಕೆಳಗೆ ಇಳಿಸಿ ಒಂದು ಸುತ್ತು ತಿರುಗಿಸಿ ಮೇಲೆ ತಗೊಂಡ್ರೆ ನೀರು ಆ ಬಗ್ಗಲ್ಲೇ ತೊಟ್ಟಿಕ್ಕಿ ಬಿದ್ದು ಹೋಗುತ್ತೆ. ನಮ್ಮಜ್ಜ ಹಟ್ಟಿ ಸೂರಿಗೆ ಸೋಗೆ ಇಳಿಬಿಡ್ತಿದ್ದಿದ್ದೂ ಇದಕ್ಕೇ ಅಲ್ವಾ.

ಅದನ್ನ ಒರೆಸಿ ಟೇಪ್ ಸುತ್ತಿ ಮತ್ತೆ ನಡೆಸಿದೆ, ಅದು ನನ್ನ ತಪ್ಪು. ಭರಣಿ ಮಳೆ ಬಂತು. ಭರಣಿ ಬಂದ್ರೆ ಧರಣಿ ಬದುಕೀತು ಅಂತಾರೆ, ನಮ್ಮ ಮನೇಲಿ ಕರೆಂಟಿನ ಸಾಮಾನು ಒಂದೂ ಬದುಕ್ಲಿಲ್ಲ. ಸಿಡಿಲು ಹೊಡೆದಿದ್ದು ಕಂಬಕ್ಕಲ್ಲ, ಎಲ್ಲೋ 60 ಮೀಟರ್ ಆಚೆ ತೆಂಗಿನ ಮರಕ್ಕೆ. ಆದ್ರೆ 180 ಮೀಟರ್ ತಾಮ್ರದ ಕೇಬಲ್ ತೋಟದುದ್ದ ಮಲಗಿತ್ತಲ್ಲ, ಅದರಲ್ಲಿ ಹರಿದು ಬಂದು ಕ್ಯಾಮೆರಾ, ಎಕ್ಸ್‌ಟೆಂಡರ್, ರೆಕಾರ್ಡರ್, ರೌಟರ್, ರೌಟರ್ ಜೊತೆ ಟಿವಿ. ಒಂದೇ ಏಟಿಗೆ. 80 ಸಾವಿರದ ಕ್ಯಾಮೆರಾ ಸುಟ್ಟ ಪ್ಲಾಸ್ಟಿಕ್ ವಾಸನೆ ಹೊಡೀತಾ ಇತ್ತು.

ಎರಡನೇ ಸಲ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಒಬ್ಬರನ್ನ ಹಾಸನದಿಂದ ಕರೆಸಿದೆ, ವಯಸ್ಸಾದೋರು, ಮಾತು ಕಮ್ಮಿ. ಬಂದವರೇ ಕ್ಯಾಮೆರಾ ಕಡೆ ತಿರುಗಿ ಕೂಡ ನೋಡ್ಲಿಲ್ಲ, ಅರ್ತ್ ಗುಂಡಿ ಎಲ್ಲಿದೆ ಅಂದ್ರು. ಇಲ್ಲ ಅಂದೆ. ಹಂಗಾದ್ರೆ ಕ್ಯಾಮೆರಾನೂ ಇಲ್ಲ ಅನ್ಕೊಳ್ಳಿ ಗೌಡ್ರೆ ಅಂದ್ರು.

ಅವರು ಮಾಡಿದ್ದು ಇಷ್ಟು. ಗೋಡೌನಿಂದ ಮನೆಗೆ ತಾಮ್ರ ಕಿತ್ತು ಫೈಬರ್ ಎಳೆದ್ರು, ಎರಡು ತುದೀಲೂ ಬೆಳಕನ್ನ ಮಾಮೂಲಿ ಕೇಬಲ್ ಸಿಗ್ನಲ್ಲಿಗೆ ಬದಲಾಯಿಸೋ ಒಂದೊಂದು ಮೀಡಿಯಾ ಕನ್ವರ್ಟರ್. ಫೈಬರಲ್ಲಿ ಬೆಳಕು ಹೋಗುತ್ತೆ, ಸಿಡಿಲು ಹೋಗಲ್ಲ. ಆದ್ರೆ ಅಂಗಡಿಲಿ ಸಿಗೋ ಎಷ್ಟೋ ಫೈಬರ್ ಕೇಬಲಲ್ಲಿ ಬಲಕ್ಕೆ ಅಂತ ಒಂದು ಉಕ್ಕಿನ ತಂತಿ ಸೇರಿಸಿರ್ತಾರೆ, ಅದಿದ್ರೆ ತಾಮ್ರ ಕಿತ್ತಿದ್ದಕ್ಕೆ ಅರ್ಥಾನೇ ಇಲ್ಲ, ಲೋಹ ಇಲ್ಲದ್ದೇ ಬೇಕು ಅಂತ ಕೇಳಿ ತಗೊಳ್ಳಿ. ಗೋಡೌನ್ ಒಳಗೆ ಪಿಒಇ ಸ್ವಿಚ್, ಅಂದ್ರೆ ನೆಟ್‌ವರ್ಕ್ ಕೇಬಲ್ಲಲ್ಲೇ ಕರೆಂಟೂ ಕಳಿಸೋ ಡಬ್ಬಿ, ಅಲ್ಲಿಂದ ಕಂಬಕ್ಕೆ 25 ಮೀಟರ್ ಕೇಬಲ್ಲು, ಕರೆಂಟೂ ಚಿತ್ರಾನೂ ಅದರಲ್ಲೇ. ಕಂಬದ ಮೇಲೆ ಈಗ 230 ವೋಲ್ಟ್ ಅನ್ನೋದೇ ಇಲ್ಲ, ಇರೋದು 48 ವೋಲ್ಟ್ ಆಸುಪಾಸು. ಕಮ್ಮಿ ವ್ಯಾಟಿನ ದರ್ಜೆ ಪಿಒಇ ಸ್ವಿಚ್ಚಿಂದ 15.4 ವ್ಯಾಟ್ ಹೊರಟ್ರೆ ಕ್ಯಾಮೆರಾಕ್ಕೆ 12.95 ಸಿಗುತ್ತೆ ಅನ್ನೋದು ಲೆಕ್ಕ, ಕ್ಯಾಮೆರಾ ಅದಕ್ಕಿಂತ ಜಾಸ್ತಿ ಕುಡಿಯೋದಾದ್ರೆ 30 ವ್ಯಾಟಿನ ಸ್ವಿಚ್ ಬೇಕು, ಡಬ್ಬದ ಮೇಲೆ ಬರೆದಿರ್ತಾರೆ, ಓದಿ ಸಾಕು. ಕೇಬಲ್ಲು ಪೂರ್ತಿ ತಾಮ್ರದ್ದು, ಬಿಸಿಲಿಗೆ ತಡೆಯೋ ಕಪ್ಪು ಹೊರಗವಸಿನದು. ಮೊದಲಿನ ಹುಡುಗ ಹಾಕಿದ್ದನ್ನ ಕತ್ತರಿಸಿ ಬ್ಲೇಡಲ್ಲಿ ಕೆರೆದು ತೋರಿಸಿದ್ರು, ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ.

12 ವೋಲ್ಟನ್ನ ಮನೆಯಿಂದಾನೇ ಎಳೆದ್ರೆ ಸೇಫ್ ಅಲ್ವಾ ಅಂತ ನಾನು ಕೇಳಿದ್ದಕ್ಕೆ ಕಾಗದದ ಮೇಲೆ ಬರೆದು ತೋರಿಸಿದ್ರು. ಅರ್ಧ ಚದರ ಮಿಲಿಮೀಟರ್ ತಾಮ್ರದ ವೈರು 100 ಮೀಟರ್, ಒಂದು ಆಂಪಿಯರ್, ಹೋಗಿ ಬರೋ ದಾರೀಲೇ ಹತ್ರ ಹತ್ರ 7 ವೋಲ್ಟ್ ಸವೆದು ಹೋಗುತ್ತೆ, ಕ್ಯಾಮೆರಾಕ್ಕೆ ಸಿಗೋದು 5. ಹಗಲು ನಡೆಯೋ ಕ್ಯಾಮೆರಾ ರಾತ್ರಿ ದೀಪ ಹತ್ತಿದ ಕೂಡಲೇ ಸತ್ತು ಹೋಗುತ್ತೆ ಅಂತ ದೂರೋರ ಮನೇಲೆಲ್ಲ ಬಹುಪಾಲು ಇದೇ ಕಥೆಯಂತೆ.

ಬೋರ್ಡಲ್ಲಿ ಆರ್‌ಸಿಸಿಬಿ ಮತ್ತೆ ಒಂದು ಎಸ್‌ಪಿಡಿ (ಸಿಡಿಲಿಂದ ನುಗ್ಗೋ ಜಾಸ್ತಿ ವೋಲ್ಟನ್ನ ಅರ್ತಿಗೆ ತಿರುಗಿಸೋ ಸಾಧನ), ಕಂಬದ ಕೇಬಲ್ಲಿಗೆ ಎರಡೂ ತುದೀಲಿ ಸಣ್ಣ ಎಸ್‌ಪಿಡಿ, ಅವುಗಳಿಂದ ಅರ್ತಿಗೆ ಹೋಗೋ ವೈರು ಆದಷ್ಟು ಗಿಡ್ಡ, ಆದಷ್ಟು ನೇರ. ಚೆಂದಕ್ಕೆ ಅಂತ ಸುರುಳಿ ಸುತ್ತಿಡ್ತಾರಲ್ಲ, ಅದನ್ನ ಮಾಡ್ಲೇಬಾರದು, ಸಿಡಿಲಿಗೆ ಸುರುಳಿ ಆಗಲ್ಲ. ಗೋಡೌನಿಗೂ ಕಂಬದ ಬುಡಕ್ಕೂ ಗುಂಡಿ ತೆಗೆದು ಅರ್ತ್ ಮಾಡಿ ಎರಡನ್ನೂ ಸೇರಿಸಿದ್ರು. ಬೇರೆ ಬೇರೆ ಬಿಟ್ರೆ ಸಿಡಿಲು ಬಿದ್ದ ಗಳಿಗೇಲಿ ಎರಡರ ಮಧ್ಯ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದು ಅದು ಕ್ಯಾಮೆರಾ ಮೂಲಕಾನೇ ದಾರಿ ಹುಡುಕುತ್ತಂತೆ. ಮೀಟರ್ ಇಟ್ಟು ಅಳೆದ್ರು, 4 ಓಮ್ ಚಿಲ್ಲರೆ ಬಂತು (ಇದು ಕಮ್ಮಿ ಇದ್ದಷ್ಟೂ ಒಳ್ಳೇದು), ಬೇಸಿಗೇಲಿ ನೆಲ ಒಣಗಿದಾಗ ಇನ್ನೊಂದು ಸಲ ಅಳೆಸಿ ಅಂದ್ರು. ಇಷ್ಟಕ್ಕೂ ಆದ ಖರ್ಚು ಕ್ಯಾಮೆರಾದ ಕಾಲು ಭಾಗಕ್ಕೂ ಕಮ್ಮಿ.

ಆನೆಗೆ ಸೋಲಾರ್ ಬೇಲಿ ಇರೋರಿಗೆ ಒಂದು ಮಾತು. ಬೇಲಿ ಅರ್ತ್ ಬೇರೆ, ಕ್ಯಾಮೆರಾ ಅರ್ತ್ ಬೇರೆ, ಇವೆರಡನ್ನ ಮಾತ್ರ ಸೇರಿಸಬಾರದು, ದೂರ ದೂರ ಇರ್ಬೇಕು. ಬೇಲಿ ತಂತಿ ಪಕ್ಕದಲ್ಲೇ ಕ್ಯಾಮೆರಾ ಕೇಬಲ್ ಎಳೆದ್ರೆ ಸೆಕೆಂಡಿಗೊಂದರ ಹಂಗೆ ಹೊಡೆಯೋ ಆ ಸಾವಿರಾರು ವೋಲ್ಟಿನ ಏಟು ಕೇಬಲ್ಲಿಗೂ ತಟ್ಟುತ್ತೆ, ಚಿತ್ರ ಟಕ್ ಟಕ್ ಅಂತ ನಿಂತು ನಿಂತು ಬರುತ್ತೆ.

ಇನ್ನು ಕೆಲವರು ಕಂಬದ ದುಡ್ಡು ಉಳೀಲಿ ಅಂತ ಕರೆಂಟ್ ಕಂಬಕ್ಕೇ ಕ್ಯಾಮೆರಾ ಕಟ್ತಾರೆ. ಹೇಳೋಕೆ ಬಾಯಿಲ್ಲ. ಮೆಣಸು ಕೊಯ್ಯೋಕೆ ಅಂತ ಇಟ್ಟಿರೋ ಅಲ್ಯೂಮಿನಿಯಂ ಏಣೀನೇ ತಗೊಂಡು ಹತ್ತೋದು ಬೇರೆ. ಆ ಏಣಿ 11 ಕೆವಿ (11 ಸಾವಿರ ವೋಲ್ಟ್) ಲೈನಿಗೆ ತಾಗಿ ಕೊಡಗು, ಹಾಸನ, ಚಿಕ್ಕಮಗಳೂರು ಕಡೆ ತೋಟದ ಆಳುಗಳು ಸತ್ತ ಸುದ್ದಿ ನೀವೇ ಎಷ್ಟು ಸಲ ಹಾಕಿಲ್ಲ. ಏಣಿ ಬಿದ್ರೂ ಲೈನ್ ಮುಟ್ಟಬಾರದು, ಅಷ್ಟು ದೂರದಲ್ಲಿ ಕಂಬ ನೆಡ್ಬೇಕು, ಆಗಲ್ಲ ಅಂದ್ರೆ ಲೈನ್‌ಮ್ಯಾನ್‌ಗೆ ಹೇಳಿ ಲೈನ್ ಆಫ್ ಮಾಡಿಸ್ಕೊಂಡೇ ಹತ್ತಬೇಕು. ಕರೆಂಟ್ ಹರಿಯದ ಫೈಬರ್‌ಗ್ಲಾಸ್ ಏಣಿ ಅಂತಾನೇ ಸಿಗುತ್ತೆ, ಒಣಗಿದ ಬಿದಿರಿನ ಏಣಿ ಆದ್ರೂ ಅಲ್ಯೂಮಿನಿಯಂಗಿಂತ ವಾಸಿ.

ಸಂಪಾದಕರೇ, ನನ್ನದೊಂದು ಕೋರಿಕೆ. ಕಳ್ಳತನದ ಸುದ್ದಿ ಕೊನೇಲಿ ಕ್ಯಾಮೆರಾ ಹಾಕಿಸಿ ಅಂತ ಹಾಕ್ತೀರಲ್ಲ, ಅದೇ ಸಾಲಿಗೆ ಅರ್ತಿಂಗ್ ಮಾಡಿಸಿ, ಆರ್‌ಸಿಸಿಬಿ ಹಾಕಿಸಿ ಅಂತ ಇನ್ನೆರಡು ಪದ ಸೇರಿಸಿ. ಪೊಲೀಸ್ನೋರು ಬೆಳೆಗಾರರ ಮೀಟಿಂಗ್ ಕರೆದಾಗ ಒಬ್ಬ ಎಲೆಕ್ಟ್ರಿಷಿಯನ್ನೂ ಪಕ್ಕ ಕೂರಿಸ್ಕೊಳ್ಳಲಿ, ಕಾಫಿ ತಿಂಡಿ ಖರ್ಚು ನಮ್ಮದೇ. ಕ್ಯಾಮೆರಾ ಮಾರೋ ಅಂಗಡಿಯೋರು ಬಿಲ್ ಕೊಡುವಾಗ ನಿಮ್ಮನೆ ಅರ್ತ್ ಎಷ್ಟಿದೆ ಅಂತ ಒಂದು ಮಾತು ಕೇಳಿದ್ರೆ ಅವರ ಗಂಟೇನು ಹೋಗುತ್ತೆ.

ಇದನ್ನ ಬರೀತಿರೋ ಹೊತ್ತಿಗೆ ಪಡುವಲ ಕಡೆ ಮೋಡ ಕಟ್ಟಿದೆ, ಒಂದು ಸಲ ಗುಡುಗಿದೆ. ಎಸ್‌ಪಿಡಿ ಎಷ್ಟಿದ್ರೂ ನೆತ್ತಿ ಮೇಲೇ ಬಿದ್ರೆ ಏನೂ ಉಳಿಯಲ್ಲ ಅಂತ ಆ ಕಂಟ್ರಾಕ್ಟರೇ ಹೇಳಿ ಹೋಗಿದಾರೆ. ಮಳೆ ಶುರುವಾಗೋಕೆ ಮೊದಲು ಗೋಡೌನಿಗೆ ಹೋಗಿ ಪ್ಲಗ್ ಕಿತ್ತಿಟ್ಟು ಬರ್ತೀನಿ. ಈ ಮಳೇಲಿ ಕಳ್ಳನೂ ಬರಲ್ಲ.

ಇಂತಿ,
ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು