ಕಿಟ್ ಹಂಚಿಕೆ ನಿಂತ ಮೇಲಿನ ಹಸಿವು

ಮಾನ್ಯ ಸಂಪಾದಕರೇ,

ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ದೇವಸ್ಥಾನ, ಮಸೀದಿ, ಗುರುದ್ವಾರಗಳಂತೆ ಚರ್ಚುಗಳೂ ಕಾನ್ವೆಂಟುಗಳೂ ಹಸಿದವರಿಗೆ ಊಟ, ದಿನಸಿ ಕಿಟ್ ಹಂಚಿದ್ದನ್ನು ನಾಡು ಕಂಡಿದೆ. ಆದರೆ ಸೋಂಕು ಇಳಿದಂತೆ ಹಂಚಿಕೆಯೂ ಬಹುತೇಕ ನಿಂತಿತು. ದುಡಿಯುವ ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ಆಸ್ಪತ್ರೆ ಖರ್ಚಿಗೆ ಮಾಡಿದ ಸಾಲ ತೀರಿಸುತ್ತಿರುವ ಕೂಲಿಕಾರನಿಗೆ, ನೋಡಿಕೊಳ್ಳುವವರಿಲ್ಲದ ವೃದ್ಧರಿಗೆ ನಿಜವಾದ ಕಷ್ಟ ಶುರುವಾದದ್ದೇ ಆ ಬಳಿಕ.

ಈ ವಿಷಯದಲ್ಲಿ ಕ್ರೈಸ್ತರು ಹೊರಗೆಲ್ಲೂ ಮಾದರಿ ಹುಡುಕಬೇಕಾಗಿಲ್ಲ. 1832ರ ಕಾಲರಾ ಪ್ಯಾರಿಸ್ ನಗರದಲ್ಲಿ ಸುಮಾರು 18 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಅದರ ಮರುವರ್ಷ ಏಪ್ರಿಲ್‌ನಲ್ಲಿ ಫ್ರೆಡರಿಕ್ ಓಝಾನಮ್ ಎಂಬ 20ರ ಹರೆಯದ ವಿದ್ಯಾರ್ಥಿ ಗೆಳೆಯರೊಡನೆ ಕಟ್ಟಿದ ಪುಟ್ಟ ಕೂಟವೇ ಇಂದು ಜಗತ್ತಿನಾದ್ಯಂತ ಹರಡಿರುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ. ಬಡವರ ಕೇರಿಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೊಸಾಲಿ ರಂಡು ಈ ಹುಡುಗರಿಗೆ ಮನೆಗಳನ್ನು ತೋರಿಸಿಕೊಟ್ಟರು. ಬಡವರನ್ನು ಸಾಲಿನಲ್ಲಿ ನಿಲ್ಲಿಸದೆ ಕೊಡುವವರೇ ಅವರ ಮನೆಗೆ ಹೋಗಿ, ಕುಳಿತು ಮಾತಾಡಿ, ಏನು ಬೇಕೆಂದು ತಿಳಿದು ಕೊಡುವುದು, ಮತ್ತೆ ಮತ್ತೆ ಹೋಗುವುದು ಅವರ ಕ್ರಮವಾಗಿತ್ತು. ನಮ್ಮ ಕರಾವಳಿಯ ಅನೇಕ ಚರ್ಚುಗಳಲ್ಲಿ ಈ ಸಭೆಯ ಘಟಕಗಳಿವೆ.

ಸರ್ಕಾರ ಕೈಕಟ್ಟಿ ಕೂತಿತ್ತೆಂದು ಹೇಳಲಾಗದು. 2020ರ ಏಪ್ರಿಲ್‌ನಿಂದ ಪಡಿತರ ಚೀಟಿಯುಳ್ಳ ಬಡವರಿಗೆ ತಲಾ 5 ಕಿಲೋ ಹೆಚ್ಚುವರಿ ಧಾನ್ಯ ಉಚಿತವಾಗಿ ಸಿಕ್ಕಿತು. ಚೀಟಿಯಿಲ್ಲದವರ ಪಾಡು ಬೇರೆ. ವಲಸೆ ಕಾರ್ಮಿಕರಿಗೆ ಪಡಿತರ ಕೊಡಿ ಎಂದು 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಹೀಗಾಗಿ ಅಕ್ಕಿಯ ಚೀಲಕ್ಕಿಂತ ಪಡಿತರ ಚೀಟಿ, ವಿಧವಾ ವೇತನ, ವೃದ್ಧಾಪ್ಯ ವೇತನಗಳ ಅರ್ಜಿ ತುಂಬಿ, ಮಂಜೂರಾಗುವವರೆಗೆ ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಅಲೆಯುವವರೇ ಎಷ್ಟೋ ಮನೆಗಳಿಗೆ ಹೆಚ್ಚು ಉಪಕಾರಿಗಳು.

ಆದ್ದರಿಂದ ಪ್ರತಿ ಚರ್ಚೂ ತನ್ನ ಸುತ್ತಲಿನ ಇಂಥ ಮನೆಗಳನ್ನು, ಜಾತಿ ಮತ ಕೇಳದೆ, ಗುರುತಿಸಿ ಕನಿಷ್ಠ ಒಂದು ವರ್ಷ ಬಿಡದೆ ಭೇಟಿ ನೀಡುವ ವ್ಯವಸ್ಥೆ ಮಾಡಬೇಕು. ಇದಕ್ಕೆ ವಿದೇಶಿ ದೇಣಿಗೆ ಬೇಕಾಗಿಲ್ಲ; ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಗಳ ತಪಸ್ಸಿನ ಕಾಲದಲ್ಲಿ ಸಂಗ್ರಹವಾಗುವ ಕಾಣಿಕೆಯ ಒಂದು ಪಾಲನ್ನು ಮೀಸಲಿಟ್ಟು, ಲೆಕ್ಕವನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಾಕಿದರೆ ಮತಾಂತರದ ಸಂಶಯಕ್ಕೂ ಆಸ್ಪದವಿರುವುದಿಲ್ಲ. ಪಡೆಯುವವರ ಕೈಗೆ ಕಿಟ್ ಕೊಟ್ಟು ಫೋಟೊ ತೆಗೆಸುವ ಚಾಳಿಯನ್ನಂತೂ (ಇದು ಚರ್ಚುಗಳದ್ದಷ್ಟೇ ಅಲ್ಲ) ಧರ್ಮಗುರುಗಳೇ ಮುಂದಾಗಿ ನಿಲ್ಲಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಮಂಗಳೂರು