ಹುಲ್ಲುಗಾವಲಿಗೆ ಗೊಬ್ಬರ ಎರಚುವ ಮುನ್ನ

ಮಾನ್ಯರೇ,

ಹುಲ್ಲುಗಾವಲುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಮಳೆಯ ಕೊರತೆ ಮತ್ತು ಮಿತಿಮೀರಿ ಮೇಯಿಸುವುದು, ಇವೆರಡರ ಪ್ರಸ್ತಾಪವೇ ಹೆಚ್ಚು. ಎರಡೂ ನಿಜ. ಆದರೆ ಒಂದೇ ಮಳೆ ಬೀಳುವ, ಒಂದೇ ಮಂದೆ ಮೇಯುವ ಬಯಲಿನಲ್ಲೂ ಇಲ್ಲೊಂದು ಜಾತಿಯ ಹುಲ್ಲು, ಹತ್ತು ಹೆಜ್ಜೆ ಆಚೆ ಮತ್ತೊಂದು ಜಾತಿ ಬೆಳೆದಿರುತ್ತದಲ್ಲ, ಅದಕ್ಕೆ ಕಾರಣ ಬಹಳಷ್ಟು ಸಲ ಮಣ್ಣಿನ ಪೋಷಕಾಂಶಗಳು. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಈ ಹೊತ್ತಿನಲ್ಲಾದರೂ, ಸಾರ ಕಡಿಮೆ ಇರುವ ನೆಲವೆಲ್ಲ ಕೆಟ್ಟ ನೆಲ, ಗೊಬ್ಬರ ಹಾಕಿದರೆ ಅದು ಸುಧಾರಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಹೋಗಬೇಕು.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಒಂದೇ ಹುಲ್ಲುಗಾವಲಿನ ಬೇರೆ ಬೇರೆ ತಾಕುಗಳಿಗೆ ಬೇರೆ ಬೇರೆ ಗೊಬ್ಬರ ಕೊಟ್ಟು 1856ರಿಂದ ನಡೆಸುತ್ತಿರುವ ‘ಪಾರ್ಕ್ ಗ್ರಾಸ್’ ಪ್ರಯೋಗವನ್ನೇ ನೋಡಿ. ಗೊಬ್ಬರವನ್ನೇ ಕಾಣದ ತಾಕುಗಳಲ್ಲಿ 30ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಅಮೋನಿಯಂ ಸಲ್ಫೇಟ್ ಹೆಚ್ಚು ಬಿದ್ದು ಸುಣ್ಣ ಸೋಕದ ತಾಕುಗಳಲ್ಲಿ ಉಳಿದಿರುವುದು ಎರಡು ಮೂರು ಜಾತಿ ಮಾತ್ರ. ಸಾರಜನಕ ಹೆಚ್ಚಾದಾಗ ಅದನ್ನು ಬೇಗ ಹೀರಿ ಎತ್ತರಕ್ಕೆ ಬೆಳೆಯುವ ಕೆಲವೇ ಹುಲ್ಲುಗಳು ಕೆಳಗಿನ ಸಣ್ಣ ಗಿಡಗಳಿಗೆ ಬಿಸಿಲೇ ಸಿಗದಂತೆ ಮಾಡುತ್ತವೆ. ಮೇಲಾಗಿ ಅಮೋನಿಯಂ ಗೊಬ್ಬರದಿಂದ ಮಣ್ಣು ಆಮ್ಲೀಯವಾಗುತ್ತದೆ. ಅದೇ ಪ್ರಯೋಗದಲ್ಲಿ ಸಾರಜನಕ ಬಿಟ್ಟು ರಂಜಕ, ಪೊಟ್ಯಾಶ್ ಮಾತ್ರ ಕೊಟ್ಟ ಕಡೆ ದ್ವಿದಳ ಸಸ್ಯಗಳು ಹೆಚ್ಚಿದವು. ಅಂಥ ಗಿಡವೊಂದನ್ನು ಮೆಲ್ಲಗೆ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಕೆಲಸ ಅಲ್ಲಿ ನಡೆಯುತ್ತಿದೆ ಎಂಬುದರ ಗುರುತು ಅದು. ಹೀಗೆ ತಾನೇ ದುಡಿದು ಬದುಕುವ ಗಿಡಕ್ಕೆ ಸಾರಜನಕ ಕಡಿಮೆ ಇರುವ ಮಣ್ಣೇ ಅನುಕೂಲ. ಯೂರಿಯಾ ಎರಚಿದರೆ ಅದರ ಮೇಲುಗೈ ತಪ್ಪುತ್ತದೆ. ಹೀಗಿರುವಾಗ ಜಾತಿಗಳು ಕಣ್ಮರೆಯಾಗುವುದನ್ನು ಸುಧಾರಣೆ ಎಂದು ಕರೆಯುವುದಾದರೂ ಹೇಗೆ?

ಇದಕ್ಕೆ ಇನ್ನೊಂದು ಮುಖವೂ ಇದೆ. ಪೂರ್ವ ಆಫ್ರಿಕದ ಸವನ್ನಾ ಎಂಬ ಹುಲ್ಲುಬಯಲಿನಲ್ಲಿ ಪಶುಪಾಲಕರು ಬಿಟ್ಟುಹೋದ ದೊಡ್ಡಿಗಳ ಜಾಗದಲ್ಲಿ ಸಗಣಿ, ಗಂಜಲದ ಸಾರ ನೂರಾರು ವರ್ಷ ಉಳಿಯುತ್ತದೆ. ಅಲ್ಲಿ ಗರಿಕೆಯ ಜಾತಿಯ ಹುಲ್ಲು ಹಬ್ಬುತ್ತದೆ, ಕಾಡುಪ್ರಾಣಿಗಳೂ ಅದನ್ನೇ ಹುಡುಕಿಕೊಂಡು ಬಂದು ಮೇಯುತ್ತವೆ. ಟಾಂಜಾನಿಯಾದ ಸೆರೆಂಗೆಟಿಯ ಆಗ್ನೇಯ ಬಯಲಿನ ಗಿಡ್ಡ ಹುಲ್ಲಿನಲ್ಲಿ ಸುಣ್ಣಾಂಶ ಮತ್ತು ರಂಜಕ ಹೆಚ್ಚಿರಲು ಅಲ್ಲಿನ ಜ್ವಾಲಾಮುಖಿ ಬೂದಿಯ ಮಣ್ಣು ಕಾರಣ. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಕರು ಹಾಕಲು ಬರುವುದೂ ಅಲ್ಲಿಗೇ.

ಬಡ ಜಾಗವೂ ಬೇಕು, ಸಾರವುಳ್ಳ ಜಾಗವೂ ಬೇಕು. ಆದರೆ ನಮ್ಮ ಮಣ್ಣು ಪರೀಕ್ಷೆಯ ಕ್ರಮ ಹೊಲಕ್ಕೆಂದು ರೂಪಿಸಿದ್ದು: ಹಲವು ಕಡೆಯ ಮಣ್ಣನ್ನು ಒಂದೇ ಚೀಲಕ್ಕೆ ಹಾಕಿ ಕಲಸಿ ಸರಾಸರಿ ತೆಗೆಯುತ್ತಾರೆ. ಒಣ ಪ್ರದೇಶದ ಹುಲ್ಲುಗಾವಲಿನಲ್ಲಿ ಪೊದೆಯ ಬುಡದ ಮಣ್ಣಿನಲ್ಲಿ ಸಾವಯವ ಇಂಗಾಲ, ಸಾರಜನಕ ಹೆಚ್ಚು. ಪೊದೆಗಳ ನಡುವಿನ ಬರಿ ನೆಲದಲ್ಲಿ ಕಡಿಮೆ. ಎರಡನ್ನೂ ಬೆರೆಸಿ ಬಂದ ಅಂಕಿ ಎರಡೂ ಜಾಗಕ್ಕೆ ಸಲ್ಲುವುದಿಲ್ಲ. ಅದನ್ನು ನಂಬಿ ಬೀಜ ಬಿತ್ತಿದರೆ ಗಿಡ ಒಂದು ಕಡೆ ಚೆನ್ನಾಗಿ ಬೆಳೆದು, ಮತ್ತೊಂದು ಕಡೆ ಸೊರಗಬಹುದು.

ಪೊದೆಯ ಬುಡ, ಬಯಲು, ಹಳೆಯ ದೊಡ್ಡಿ, ತಗ್ಗು ಇವುಗಳ ಮಾದರಿಯನ್ನು ಪ್ರತ್ಯೇಕವಾಗಿ ತೆಗೆದು, ಅಲ್ಲಲ್ಲಿನ ಸಸ್ಯಗಳ ಪಟ್ಟಿಯನ್ನು ಜೊತೆಗಿಟ್ಟು ನೋಡದೆ ಯಾವ ಹುಲ್ಲುಗಾವಲಿಗೂ ಗೊಬ್ಬರವನ್ನಾಗಲಿ ಹೊರಗಿನ ಬೀಜವನ್ನಾಗಲಿ ಹಾಕಬಾರದು. ಇಂಥ ಯೋಜನೆಗಳ ವರದಿ ಮಾಡುವಾಗ, ಮಣ್ಣನ್ನು ಎಲ್ಲಿಂದ ತೆಗೆದಿರಿ ಎಂಬ ಪ್ರಶ್ನೆಯನ್ನು ನಿಮ್ಮ ವರದಿಗಾರರು ತಪ್ಪದೆ ಕೇಳಬೇಕೆಂದು ವಿನಂತಿಸುತ್ತೇನೆ.

– ಪತ್ರಿಕೆಯ ಓದುಗ