ಕೋರ್ಟಿನ ತಪ್ಪು, ಕೈದಿಗೆ ದಂಡ

ಮಾನ್ಯರೇ,

ಅಮೆರಿಕದ ರಾಜ್ಯ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದವರು ಫೆಡರಲ್ (ಕೇಂದ್ರ) ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತಮ್ಮ ಸೆರೆವಾಸವೇ ಕಾನೂನುಬಾಹಿರ ಎಂದು ಪ್ರಶ್ನಿಸುವ ಅರ್ಜಿ ಹಾಕಲು 1996ರ ಕಾಯ್ದೆ ಕೊಟ್ಟಿರುವುದು ಒಂದೇ ವರ್ಷ. ಮರಣದಂಡನೆ ಪ್ರಕರಣ ಬಿಟ್ಟರೆ ಸರ್ಕಾರಿ ಖರ್ಚಿನ ವಕೀಲರು ಸಿಗುವ ಖಾತರಿಯಿಲ್ಲ; ಹೆಚ್ಚಿನವರು ಜೈಲಿನಲ್ಲಿ ಕೂತು ತಾವೇ ಬರೆದುಕೊಳ್ಳಬೇಕು.

ಅದಾದ ಮೇಲೂ ಗಡುವುಗಳ ಕಾಟ ತಪ್ಪದು. ಇಂಥ ಅರ್ಜಿ ತಿರಸ್ಕೃತವಾದ ಒಹಾಯೊದ ಕೈದಿಯೊಬ್ಬನಿಗೆ, ಮೊದಲ ಗಡುವು ಮೀರಿದ ಮೇಲೆ ಮೇಲ್ಮನವಿ ಸಲ್ಲಿಸಲು ಮತ್ತೆ ಅವಕಾಶ ಸಿಕ್ಕಾಗ ಕಾನೂನಿನಂತೆ ಇದ್ದದ್ದು 14 ದಿನ. ನ್ಯಾಯಾಧೀಶರೇ ಆದೇಶದಲ್ಲಿ 17 ದಿನ ಕೊಟ್ಟುಬಿಟ್ಟರು. ಅವನು ಅದನ್ನು ನಂಬಿ, ಆ ಅವಧಿಯೊಳಗೇ ಸಲ್ಲಿಸಿದ. 2007ರಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ‘ತಡವಾಯಿತು’ ಎಂದಿತು! ಅವನಿಗೆ ಶಿಕ್ಷೆಯಾಗಿದ್ದು ಕೊಲೆ ಪ್ರಕರಣದಲ್ಲಿ, ಒಪ್ಪೋಣ. ಆದರೆ ನ್ಯಾಯಾಧೀಶರ ಆದೇಶವನ್ನೇ ನಂಬಬಾರದೆಂದರೆ ಕೈದಿ ಇನ್ಯಾರನ್ನು ಕೇಳಬೇಕು? ಇಂಥ ಸಂದರ್ಭದಲ್ಲಿ ವಿನಾಯಿತಿ ಕೊಡುವ ತಿದ್ದುಪಡಿಯನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ತರಬೇಕು.

– ಓದುಗ, ಮೈಸೂರು